ಹೇಳಿಕೊಂಡು ಅಳುವ ಚಟ

ಹೊನ್ನಾವರದಿಂದ ಕುಮಟೆಯವರೆಗೆ ಎಷ್ಟೋ ಮನೆಗಳಲ್ಲಿ ಹೆಣದ ಬದಿಗೆ ಕೂತು ಹೇಳಿಕೊಂಡು ಅತ್ತವಳು ನನ್ನ ತಂಗಿ. ಹೋದ ಮಳೆಗಾಲ ಮುಗಿಯುವಾಗ ಅವಳೇ ಸತ್ತಳು. ಅವಳ ಹೆಣದ ಬದಿಗೆ ಹಾಗೆ ಅಳುವವರು ಒಬ್ಬರೂ ಇರಲಿಲ್ಲ. ಅದು ನನ್ನ ಮನಸ್ಸಿನಿಂದ ಹೋಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹೇಳಿಕೊಂಡು ಅಳುವುದು ಅಂದರೆ ಎಂತದು ಅಂತ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಈಗಿನವರು ಸತ್ತ ಮನೆಗೆ ಬಂದರೆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಮೊಬೈಲು ನೋಡಿ, ಕಷಾಯ ಕೊಟ್ಟರೆ ಕುಡಿದು ಹೋಗುತ್ತಾರೆ. ನಮ್ಮ ಕಡೆಯ ಹಳೇ ಹೆಂಗಸರಿಗೆ ಅದು ಆಗುವುದಿಲ್ಲ. ಬಂದವಳನ್ನು ಮನೆಯ ಹೆಂಗಸು ತಬ್ಬಿಕೊಂಡು, ಸತ್ತವರ ಒಂದೊಂದೇ ಗುಣ ಹೇಳಿ ಅಳಬೇಕು. ಅವರು ಉಂಡದ್ದು, ಉಟ್ಟದ್ದು, ಅವರಿಗೆ ಆಸೆ ಇದ್ದದ್ದು, ಆಸೆ ಇದ್ದೂ ಸಿಗದೆ ಹೋದದ್ದು. ಬಂದವಳು ತನಗೆ ಗೊತ್ತಿದ್ದದ್ದನ್ನು ಅದಕ್ಕೆ ಸೇರಿಸಬೇಕು. ಗದ್ದೆ ನಟ್ಟಿಯ ಹಾಡಿಗೆ ಇರುವ ಹಾಗೆ ಅದಕ್ಕೂ ಒಂದು ರಾಗ ಇದೆ. ಸ್ವಲ್ಪ ಹೊತ್ತಾದ ಮೇಲೆ ಮೂರನೆಯವಳೊಬ್ಬಳು ಚೊಂಬಿನಲ್ಲಿ ನೀರು ತಂದು, ಅಳುವವಳ ರಟ್ಟೆ ಹಿಡಿದು, "ಸಾಕು, ಏಳು" ಅನ್ನಬೇಕು. ಯಾರೂ ಏಳಿಸದೆ ತಾನಾಗಿ ಅಳು ನಿಲ್ಲಿಸಿದರೆ ಇವಳಿಗೆ ದುಃಖವೇ ಇಲ್ಲ ಅಂತ ಮಾತು ಬರುತ್ತದೆ. ಹಾಗಾಗಿ ಗಂಟಲು ಬಿದ್ದರೂ ಕಾಯುತ್ತಾರೆ.

ಈ ಏಳಿಸುವ ಕೆಲಸ ಹೊಳನಗದ್ದೆಯ ನಮ್ಮ ಕೇರಿಯಲ್ಲಿ ನನ್ನದು. ನನಗೆ ಅಳು ಬೇಗ ಬರುವುದಿಲ್ಲ. ನನ್ನ ಮುಖ ನೋಡಿದರೆ ಬಂದ ಅಳೂ ಹಿಂದೆ ಹೋಗುತ್ತದೆ ಅಂತ ನನ್ನ ಗಂಡ ಹೇಳುತ್ತಿದ್ದರು. ಇರಬಹುದು.

ತಂಗಿಯನ್ನು ಕೊಟ್ಟದ್ದು ಹಳದೀಪುರಕ್ಕೆ. ಗಂಡ ಬೇಗ ತೀರಿಕೊಂಡ. ಇದ್ದವಳು ಒಬ್ಬಳೇ ಮಗಳು. ಅವಳನ್ನು ಭಟ್ಕಳದಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗನಿಗೆ ಕೊಟ್ಟಿತ್ತು. ಒಳ್ಳೆಯ ಹುಡುಗ, ಮಾತು ಕಡಿಮೆ. ಮಗಳು ಚೊಚ್ಚಲ ಬಾಣಂತನಕ್ಕೆ ಅಮ್ಮನ ಮನೆಗೆ ಬಂದಳು, ಹೆಣ್ಣು ಹೆತ್ತಳು, ಜ್ವರ ಬಂತು, ವಾರದೊಳಗೆ ಹೋದಳು. ಇಷ್ಟೇ. ಇದನ್ನು ಉದ್ದ ಮಾಡಿ ಹೇಳಲು ನನಗೆ ಬರುವುದಿಲ್ಲ. ಉದ್ದ ಮಾಡಿ ಹೇಳಲು ಬರುತ್ತಿದ್ದದ್ದು ತಂಗಿಗೆ.

ಆ ದಿನ ಅಳುತ್ತಿದ್ದ ಅವಳನ್ನು ನಾನೇ ಹೋಗಿ ಏಳಿಸಿದೆ. ಮರುದಿನ ಏಳಿಸಿದೆ, ಹನ್ನೊಂದನೇ ದಿನ ಕಳೆಯುವ ತನಕ ಅಲ್ಲೇ ಇದ್ದು ಏಳಿಸಿದೆ. ಮೊದಲ ವರ್ಷ ಯಾರಾದರೂ ಬರುತ್ತಲೇ ಇದ್ದರು. ದೂರದವರು, ಮುಂಬೈಯಲ್ಲಿ ಇದ್ದವರು, ಸುದ್ದಿ ತಡವಾಗಿ ಗೊತ್ತಾದವರು. ಒಬ್ಬೊಬ್ಬರು ಬಂದಾಗಲೂ ತಂಗಿ ಮೊದಲಿನಿಂದ ಅತ್ತಳು. ಎರಡನೇ ವರ್ಷ ಬರುವವರು ನಿಂತರು. ಯಾಕೆ ಬರುತ್ತಾರೆ? ಅವರವರಿಗೆ ಅವರವರ ಗದ್ದೆ, ಅವರವರ ಮಕ್ಕಳು.

ಬರುವವರು ನಿಂತಾಗ ತಂಗಿ ಹೋಗಲಿಕ್ಕೆ ಶುರು ಮಾಡಿದಳು.

ಮೊದಲು ನೆಂಟರ ಮನೆಗೆ. ಆಮೇಲೆ ನೆಂಟರ ನೆಂಟರ ಮನೆಗೆ. ಆಮೇಲೆ ನಮಗೂ ಅವರಿಗೂ ಎಂತ ಸಂಬಂಧ ಅಂತ ಕೇಳಿದರೆ ಅವಳಿಗೇ ಹೇಳಲು ಬಾರದ ಮನೆಗೆ. ಬಸ್ಸು ಹತ್ತಿ ಹೊನ್ನಾವರಕ್ಕೆ ಹೋಗಿ, ಅಲ್ಲಿಂದ ರಿಕ್ಷಾ ಮಾಡಿಕೊಂಡು ಹೋದದ್ದೂ ಇದೆ. ಸುದ್ದಿ ಕೊಡುವವಳು ಮೀನು ತರುವ ಹೆಂಗಸು. ಅವಳು ಊರೂರು ತಿರುಗುವವಳು, ಯಾರು ಹಾಸಿಗೆ ಹಿಡಿದಿದ್ದಾರೆ, ಯಾರು ಹೋದರು ಎಲ್ಲ ಗೊತ್ತು. ತಂಗಿ ಬೇಲಿಯ ದಣಪೆ ಬಾಗಿಲ ಹತ್ತಿರ ನಿಂತು ಮೀನು ನೋಡುವ ಮೊದಲು ಕೇಳುತ್ತಿದ್ದಳು, "ಎಂತಾದ್ರೂ ಸುದ್ದಿ ಅದೆಯನೆ?"

ನಾನು ತಂಗಿಯ ಮನೆಗೆ ಹೋಗಿದ್ದಾಗ ಒಂದು ದಿನ ಆ ಹೆಂಗಸಿಗೂ ಬೇಜಾರು ಬಂದಿರಬೇಕು. ಬುಟ್ಟಿ ಇಳಿಸುತ್ತ ಹೇಳಿದಳು, "ಇವತ್ತು ಬಂಗಡೆ ಅದೆ, ತಾರ್ಲೆ ಅದೆ. ಹೆಣ ಇಲ್ಲ ಅಕ್ಕ. ನಾಳೆ ತರ್ತೆ."

ನಾನು ನಕ್ಕೆ. ತಂಗಿ ನಗಲಿಲ್ಲ. ಆ ದಿನ ಪೂರ್ತಿ ಅವಳಿಗೆ ತಲೆನೋವು, ಕಾಗೆಗೆ ಬೈದಳು, ಪಕ್ಕದ ಮನೆಯ ಕೋಳಿಗೆ ಬೈದಳು, ಗಂಜಿಗೆ ಉಪ್ಪು ಹಾಕಲು ಮರೆತಳು. ಎರಡು ದಿನ ಬಿಟ್ಟು ಎಲ್ಲೋ ಒಬ್ಬರು ಸತ್ತ ಸುದ್ದಿ ಬಂತು. ಹೋಗಿ ಅತ್ತು ಬಂದು, ಹಿತ್ತಲಲ್ಲಿ ತಲೆಗೆ ಮಿಂದು, ಒದ್ದೆ ಕೂದಲು ಬಿಟ್ಟುಕೊಂಡು ಕೂತು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ಮುಖ ತೊಳೆದಿಟ್ಟ ತಂಬಿಗೆಯ ಹಾಗೆ ಇತ್ತು.

ನನಗೆ ಆಗಲೇ ಗೊತ್ತಾಯಿತು, ಇದು ದುಃಖ ಒಂದೇ ಅಲ್ಲ.

ಗೊತ್ತಾದದ್ದು ಹೇಗೆಂದರೆ, ನನಗೆ ಕವಳದ ಚಟ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಹದಿನಾರರಲ್ಲಿ ಹತ್ತಿದ್ದು. ಬಾಯಿಯಲ್ಲಿ ಬಿಳಿ ಕಲೆ ಕಂಡು ಹೊನ್ನಾವರದ ಡಾಕ್ಟರು ಬಿಡಬೇಕು ಅಂದಾಗ ಬಿಟ್ಟು ನೋಡಿದ್ದೇನೆ. ಬೇಕು ಅನ್ನಿಸಿ ತಿನ್ನುವುದಲ್ಲ ಅದು. ಕೈ ತಾನೇ ಸೊಂಟದ ಚೀಲಕ್ಕೆ ಹೋಗುತ್ತದೆ. ತಿಂದರೆ ಸುಖ ಅಂತ ಏನಿಲ್ಲ, ತಿನ್ನದಿದ್ದರೆ ಬಾಯಿ ನನ್ನದಲ್ಲ ಅನ್ನಿಸುತ್ತದೆ. ತಂಗಿಯ ಕೈ ಹಾಗೆಯೇ ದುಃಖಕ್ಕೆ ಹೋಗುತ್ತಿತ್ತು. ಸಿಹಿಯಾದದ್ದಕ್ಕೆ ಮಾತ್ರ ಚಟ ಹತ್ತುತ್ತದೆ ಅಂತ ಯಾರು ಹೇಳಿದ್ದು? ಹೊಗೆಸೊಪ್ಪು ಸಿಹಿಯಾ?

ಕಾಗಾಲದಲ್ಲಿ ನಮ್ಮ ಸಂಬಂಧದ ಮುದುಕಿಯೊಬ್ಬಳು ತುಂಬು ಸಂಸಾರ ಬಿಟ್ಟು, ಮರಿಮಕ್ಕಳನ್ನು ಎತ್ತಿ ಆಡಿಸಿ, ಹಲ್ಲೆಲ್ಲ ಉದುರಿ ಸತ್ತಳು. ಅಲ್ಲಿಗೆ ನಾವಿಬ್ಬರೂ ಹೋಗಿದ್ದೆವು. ಆ ಮನೆಯಲ್ಲಿ ಅಳು ಕಡಿಮೆ ಇತ್ತು, ಒಳ್ಳೆಯ ಸಾವು ಅಂತ ಎಲ್ಲರಿಗೂ ಸಮಾಧಾನ. ತಂಗಿ ಹೋದವಳೇ ಹೆಣದ ಕಾಲ ಹತ್ತಿರ ಕೂತು ಶುರು ಮಾಡಿದಳು, "ಮಗಿನ ಮೊಕ ಸಮಾ ನೋಡ್ದೇ ಹೋದ್ಯೇ, ಮಗಳೇ, ಹಾಲು ಎದೇಲೇ ಒಣ್ಗಿ ಹೋತೇ..."

ಆ ಮನೆಯ ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅಡುಗೆಮನೆಯಲ್ಲಿ ಅವಳು ನಗುವುದು ನನಗೆ ಕೇಳಿಸಿತು. "ನಮ್ಮತ್ತೆಗೆ ಈ ವರ್ಷ ಬಾಣಂತನ ಆಗಿತ್ತಾ ಹಂಗಾರೆ?" ಅಂತ ಯಾರನ್ನೋ ಕೇಳುತ್ತಿದ್ದಳು. ನಾನು ಚೊಂಬು ಹಿಡಿದು ಬೇಗ ಹೋಗಿ ತಂಗಿಯ ರಟ್ಟೆ ಹಿಡಿದೆ. ಅವಳು ನನ್ನ ಕಡೆ ನೋಡಿದಳು, ಆದರೆ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ. ಎಲ್ಲ ಹೆಣವೂ ಅವಳಿಗೆ ಅದೊಂದೇ ಹೆಣ.

ಬರುವಾಗ ಬಸ್ಸಿನಲ್ಲಿ ಕೇಳಿದೆ, "ಎಂತಕ್ಕೆ ಹಿಂಗೆ ಮಾಡ್ತೆ? ಜನ ನಗ್ತಾರೆ."

"ನಗ್ಲಿ" ಅಂದಳು. ಆಮೇಲೆ ಹೇಳಿದಳು, "ಅಕ್ಕ, ಅವಳ ಮೊಕ ನಂಗೆ ಮರ್ತು ಹೋಗ್ತಾ ಅದೆ. ಫೋಟೋ ನೋಡಿದ್ರೆ ಫೋಟೋದ್ದೇ ಕಾಣ್ತದೆ, ಅವಳದ್ದಲ್ಲ. ಅಳೂಕೆ ಕೂತ್ರೆ ಮಾತ್ರ ಕಾಣ್ತದೆ. ಮೂಗಿನ ಬೆವರು ಸೈತ ಕಾಣ್ತದೆ."

ಅವಳು ತನ್ನ ಪಾಡಿಗೆ ಅಳುತ್ತಿದ್ದರೆ ನಾನು ಮುಂದೆ ಅಡ್ಡ ಬರುತ್ತಿರಲಿಲ್ಲ. ಆದರೆ ಆ ಮನೆಯಲ್ಲಿ ಒಂದು ಮಗು ಇತ್ತು.

ಮೊಮ್ಮಗಳನ್ನು ಸಾಕಿದ್ದು ತಂಗಿಯೇ. ಅಪ್ಪ ತಿಂಗಳಿಗೊಮ್ಮೆ ಭಟ್ಕಳದಿಂದ ಬರುತ್ತಿದ್ದ. ಬಂದಾಗಲೆಲ್ಲ ಅತ್ತೆ ಅವನನ್ನು ಕೂರಿಸಿ ಹೆಂಡತಿಯ ಕೊನೆಯ ದಿನವನ್ನು ಬೆಳಗಿನಿಂದ ಹೇಳಿ ಅಳುತ್ತಿದ್ದಳು. ಅವನು ತಲೆ ತಗ್ಗಿಸಿ ಕೇಳಿ, ಮಗುವಿನ ಕೈಗೆ ಬಿಸ್ಕಿಟು ಪೊಟ್ಟಣ ಕೊಟ್ಟು ಹೋಗುತ್ತಿದ್ದ. ಆಮೇಲೆ ಬರುವುದು ಕಡಿಮೆಯಾಯಿತು. ಬೇರೆ ಮದುವೆಯಾದ. ತಂಗಿ ಅದನ್ನೂ ಅಳುವಿನಲ್ಲಿ ಸೇರಿಸಿಕೊಂಡಳು.

ಆ ಮಗುವಿಗೆ ನಡೆಯಲು ಬಂದಾಗಿನಿಂದ ಮನೆಯಲ್ಲಿ ಅದರ ಕೆಲಸ ಒಂದೇ, ಅಜ್ಜಿಗೆ ಚೊಂಬಿನಲ್ಲಿ ನೀರು ಕೊಡುವುದು. ಬೇರೆ ಯಾರೂ ಇರಲಿಲ್ಲವಲ್ಲ ಏಳಿಸಲಿಕ್ಕೆ. ನೀರು ಚೆಲ್ಲಿಕೊಂಡು ಎರಡೂ ಕೈಯಲ್ಲಿ ಚೊಂಬು ಹಿಡಿದು ಬಂದು, "ಸಾಕು ಅಮ್ಮಮ್ಮ, ಏಳು" ಅನ್ನುತ್ತಿತ್ತು. ನೋಡಿದವರು ಎಂತ ಶಾಣ್ಯಾ ಮಗು ಅನ್ನುತ್ತಿದ್ದರು. ಅಜ್ಜಿ ಏಳುತ್ತಿರಲಿಲ್ಲ. ಮಗುವನ್ನೇ ತಬ್ಬಿಕೊಂಡು ಮುಂದುವರಿಸುತ್ತಿದ್ದಳು.

ನೀರುಳ್ಳಿ ಕಿತ್ತ ಮೇಲೆ ನಾನು ವರ್ಷವೂ ತಂಗಿಯ ಮನೆಯಲ್ಲಿ ಉಳಿಯುತ್ತಿದ್ದೆ. ನಮ್ಮ ಕಡೆಯ ಸಿಹಿ ನೀರುಳ್ಳಿಯನ್ನು ಬಿಡಿ ಮಾರುವುದಿಲ್ಲ. ಸೊಪ್ಪು ಬಾಡಿದ ಮೇಲೆ ಜಡೆಯ ಹಾಗೆ ಹೆಣೆದು, ಹೆದ್ದಾರಿಯ ಬದಿಗೆ ಬಿದಿರಿನ ಗಳಕ್ಕೆ ತೂಗು ಹಾಕಿ ಮಾರುವುದು. ಹಳದೀಪುರದಲ್ಲಿ ಹೆದ್ದಾರಿ ಹತ್ತಿರ, ಹಾಗಾಗಿ ನಾನು ಅಲ್ಲಿಗೇ ತಂದು ಹಾಕುತ್ತಿದ್ದೆ. ಅಂಗಳದಲ್ಲಿ ಇಬ್ಬರೂ ಕಾಲು ಚಾಚಿಕೊಂಡು ಕೂತು ಹೆಣೆಯುತ್ತಿದ್ದೆವು. ಮಗು ಶಾಲೆಯಿಂದ ಬಂದು ಸಣ್ಣ ಸಣ್ಣ ಗೆಡ್ಡೆ ಆರಿಸಿ ಕೊಡುತ್ತಿತ್ತು. ಮೂರನೇ ಕ್ಲಾಸಿಗೆ ಹೋಗುತ್ತಿದ್ದ ವರ್ಷ ಅದು.

ಒಂದು ಸಂಜೆ ತಂಗಿ ಒಳಗಿದ್ದಳು, ನಾನು ಅಂಗಳದಲ್ಲಿ ಒಬ್ಬಳೇ ಹೆಣೆಯುತ್ತಿದ್ದೆ. ರಸ್ತೆಯಲ್ಲಿ ಮಗು ಓಡಿ ಬರುವುದು ಕಂಡಿತು. ಕೈಯಲ್ಲಿ ಎಂತದೋ ಹೊಳೆಯುವುದು. ಬಾಯಿ ಕಿವಿಯ ತನಕ. ದಣಪೆಗೆ ಬಂದದ್ದೇ ನಿಂತಿತು. ಮನೆಯ ಬಾಗಿಲ ಕಡೆ ನೋಡಿತು. ಕೈಯಲ್ಲಿದ್ದದ್ದನ್ನು ಹುಲ್ಲಿನ ಬಣವೆಯೊಳಗೆ ತುರುಕಿತು. ಆಮೇಲೆ ಎರಡೂ ಅಂಗೈಯಿಂದ ಮುಖವನ್ನು ಮೇಲಿಂದ ಕೆಳಗೆ ಒರೆಸಿಕೊಂಡಿತು. ಕೈ ತೆಗೆದಾಗ ಆ ಮುಖದಲ್ಲಿ ನಗು ಇರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವ ಹಾಗೆ ಅದನ್ನು ಬಿಟ್ಟು, ನಿಧಾನ ಕಾಲು ಹಾಕುತ್ತ ಒಳಗೆ ಬಂತು.

"ಬಾ ಇಲ್ಲಿ" ಅಂದೆ. "ಎಂತ ಅದು ಹುಲ್ಲಿನಲ್ಲಿ ಇಟ್ಟದ್ದು?"

"ಎಂತ ಇಲ್ಲ."

"ನನ್ನ ಕಣ್ಣು ಇನ್ನೂ ಹೋಗ್ಲಿಲ್ಲ. ಹೇಳು."

ಓಟದಲ್ಲಿ ಮೊದಲು ಬಂದದ್ದಕ್ಕೆ ಕೊಟ್ಟ ಪ್ಲಾಸ್ಟಿಕ್ ಕಪ್ಪು. ಎಂತಕ್ಕೆ ಅಡಗಿಸಿದ್ದು ಅಂತ ಕೇಳಿದೆ.

"ತೋರ್ಸಿದ್ರೆ ಅಮ್ಮಮ್ಮ ಅಳ್ತದೆ ದೊಡ್ಡಜ್ಜಿ. ನಿನ್ನ ಅಮ್ಮ ಇದ್ದಿದ್ರೆ ಅಂತದೆ. ಹೋದ ವರ್ಷದ್ದೂ ಅಲ್ಲೇ ಅದೆ, ಇಲಿ ಕಡ್ದದೆ."

ಆ ಹುಲ್ಲಿನಲ್ಲಿ ಮತ್ತೆ ಏನೇನಿತ್ತೋ ನಾನು ಹುಡುಕಲಿಲ್ಲ.

ಅದೇ ವಾರ ಮುಂಬೈಯಿಂದ ತಂಗಿಯ ನಾದಿನಿ ಬಂದಳು. ಇಷ್ಟು ವರ್ಷದಲ್ಲಿ ಅವಳು ಬಂದಿರಲಿಲ್ಲ. ಹಾಗಾಗಿ ಅವಳ ಸಂಗಡ ಅಳುವುದು ಬಾಕಿ ಇತ್ತು. ತಂಗಿಗೆ ಅವತ್ತು ಬೆಳಗಿನಿಂದ ಕಾಲು ನೆಲದಲ್ಲಿ ನಿಲ್ಲಲಿಲ್ಲ, ಮದುವೆಗೆ ದಿಬ್ಬಣ ಬರುವ ಮನೆಯ ಹಾಗೆ ಗುಡಿಸಿದಳು, ಸಾರಿಸಿದಳು. ನಾದಿನಿ ಅಂಗಳಕ್ಕೆ ಬಂದದ್ದೇ ಹಿಡಿದುಕೊಂಡು ಶುರು. ನಾನು ಕೈಯಲ್ಲಿದ್ದ ಜಡೆ ಮುಗಿಸಿ ಏಳೋಣ ಅಂತ ಇದ್ದೆ. ಅಷ್ಟರಲ್ಲಿ ಮಗು ಚೊಂಬು ತಂದಿತು. ತಂದು ಕೆಳಗೆ ಇಟ್ಟಿತು. ಏಳು ಅನ್ನಲಿಲ್ಲ. ಅಜ್ಜಿಯ ಬದಿಗೆ ಮಂಡಿಯೂರಿ ಕೂತು, ತಾನೂ ತೆಗೆಯಿತು ರಾಗ.

"ಹಡ್ದವ್ವಾ, ನಿನ್ನ ಮೊಕ ನಾ ಸಮಾ ನೋಡ್ಲಿಲ್ವೇ, ಹಾಲು ಎದೇಲೇ ಒಣ್ಗಿ ಹೋತೇ..."

ಒಂದು ಅಕ್ಷರ ತಪ್ಪಲಿಲ್ಲ. ಎಲ್ಲಿ ಉಸಿರು ಎಳೆಯಬೇಕು, ಎಲ್ಲಿ ಹಣೆ ಬಡಿದುಕೊಳ್ಳಬೇಕು, ಎಲ್ಲ ಅಜ್ಜಿಯದ್ದೇ. ಕಣ್ಣಲ್ಲಿ ನೀರೂ ಬರುತ್ತಿತ್ತು. ನೋಡದ ತಾಯಿಗೆ ಎಂಟು ವರ್ಷದ ಮಗು ಮುದುಕಿಯ ಅಳು ಅಳುತ್ತಿತ್ತು.

ನಾದಿನಿ ಅಳು ನಿಲ್ಲಿಸಿ ಬೆರಗಾದಳು. "ಅಯ್ಯೋ, ಎಷ್ಟು ಚಂದ ಹೇಳಿ ಅಳ್ತದೆ ಮಾರಾಯ್ತಿ! ಥೇಟು ನೀನೇ!"

ತಂಗಿಯ ಮುಖದಲ್ಲಿ ಆಗ ಒಂದು ಹೆಮ್ಮೆ ಬಂದು ಹೋಯಿತು. ಸಣ್ಣದು. ನಾನು ನೋಡಿದೆ.

ನಾನು ಎದ್ದು ಹೋಗಿ ಆ ಚೊಂಬಿನ ನೀರನ್ನು ಅಂಗಳಕ್ಕೆ ಚೆಲ್ಲಿದೆ. ಮಗುವಿನ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ಕಳಿಸಿದೆ. ನಾದಿನಿ ಹೋದ ಮೇಲೆ ನಮ್ಮಿಬ್ಬರಿಗೆ ದೊಡ್ಡ ಜಗಳ ಆಯಿತು.

"ಈ ಮಗಿನ ಅಪ್ಪಂಗೆ ಫೋನ್ ಮಾಡ್ತೆ. ಬಂದು ಕರ್ಕೊಂಡು ಹೋಗ್ಲಿ" ಅಂದೆ.

"ನಿಂಗೆಂತ ಗೊತ್ತು? ನಿನ್ನ ಮಕ್ಕಳೆಲ್ಲ ಬದುಕಿ ಇವೆ."

"ನಂಗೂ ಒಂದು ಹೋಗಿತ್ತು. ನೀನೇ ಬಟ್ಟೆ ಸುತ್ತಿದ್ದೆ. ಮರ್ತೋಯ್ತಾ?"

"ನೀ ಅತ್ತದ್ದು ನಾ ಕಾಣ್ಲಿಲ್ಲ. ನೀ ಕಲ್ಲು."

"ಕಲ್ಲೇ. ಕಲ್ಲಾದ್ರೆ ಬಟ್ಟೆ ಒಗೀಲಿಕ್ಕಾದ್ರೂ ಆಗ್ತದೆ. ನಿನ್ನ ಕಣ್ಣೀರಿಂದ ಎಂತ ಆತು ಹೇಳು. ಆ ಮಗು ನಗೂದನ್ನ ಹುಲ್ಲಿನಲ್ಲಿ ಅಡಗ್ಸಿ ಇಡ್ತದೆ, ನೋಡ್ಕಂಡಿದ್ಯಾ?"

ಅವಳು ನೋಡಿರಲಿಲ್ಲ. ಕೈ ಹಿಡಿದು ಎಳೆದುಕೊಂಡು ಹೋಗಿ ಬಣವೆಯಿಂದ ಕಪ್ಪು ತೆಗೆದು ತೋರಿಸಿದೆ. ಇಲಿ ಕಡಿದದ್ದು ಒಂದು, ಹೊಸದು ಒಂದು. ಅವಳು ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ನೆಲದಲ್ಲಿ ಕೂತಳು. ಈಗ ಅರ್ಥ ಆಗುತ್ತದೆ ಅಂತ ನಾನು ಅಂದುಕೊಂಡೆ. ಅವಳು ಬಾಯಿ ತೆರೆದು, "ಇದನ್ನ ನೋಡೂಕೆ ನೀ ಇಲ್ವಲ್ಲೇ ಮಗಳೇ" ಅಂತ ಶುರು ಮಾಡಿದಳು.

ನಾನು ಫೋನ್ ಮಾಡಿದೆ.

ಅವನು ಬಂದ, ಎರಡನೇ ಹೆಂಡತಿಯನ್ನು ಕರೆದುಕೊಂಡೇ ಬಂದ. ಅವಳು ಒಳ್ಳೆಯ ಹೆಂಗಸು. ಬಂದವಳು ಮೊದಲು ಮಗುವಿನ ತಲೆಯ ಹೇನು ನೋಡಿದಳು, ಬಾಯಿಗೆ ಬಂದ ಹಾಗೆ ಬೈದಳು, ಅಲ್ಲೇ ಕೂರಿಸಿ ಬಾಚಿದಳು. ಮಗು ಅಜ್ಜಿಯ ಕಡೆ ನೋಡುತ್ತ ನೋಡುತ್ತ ಬಸ್ಸು ಹತ್ತಿತು. ಅತ್ತಿತು, ಆದರೆ ರಾಗ ಇಲ್ಲದೆ ಅತ್ತಿತು. ಮೂಗು ಸುರಿಸಿಕೊಂಡು, ಮಕ್ಕಳು ಅಳುವ ಹಾಗೆ.

ತಂಗಿ ಒಂದು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ಮಾತಾಡಿದಳು, ಯಾಕೆಂದರೆ ಅಳಲಿಕ್ಕೆ ಯಾರಾದರೂ ಬೇಕಲ್ಲ. ಈಗ ಅವಳ ಅಳುವಿನಲ್ಲಿ ಮೊಮ್ಮಗಳೂ ಸೇರಿದ್ದಳು. ಬದುಕಿದ ಮಗುವನ್ನು ಸತ್ತವರನ್ನು ಹೇಳುವ ಹಾಗೆ ಹೇಳಿ ಅಳುತ್ತಿದ್ದಳು, ಉಂಡದ್ದು, ಉಟ್ಟದ್ದು, ಕಪ್ಪು ಗೆದ್ದದ್ದು. ನೀರುಳ್ಳಿ ಕೊಳ್ಳಲು ಕಾರು ನಿಲ್ಲಿಸಿದ ಊರು ಗೊತ್ತಿಲ್ಲದ ಹೆಂಗಸರ ಹತ್ತಿರವೂ ಅತ್ತಳು. ಒಬ್ಬಳು ಪಾಪ, ಕಣ್ಣು ಒರೆಸಿಕೊಂಡು, "ಮಗು ಹೇಗೆ ತೀರಿಕೊಂಡಿತು?" ಅಂತ ನನ್ನನ್ನು ಕೇಳಿದಳು. "ಭಟ್ಕಳದಲ್ಲಿ ಶಾಲೆಗೆ ಹೋಗ್ತಾ ಅದೆ. ನಿಮಗೆ ಎಷ್ಟು ಜಡೆ ಬೇಕು?" ಅಂದೆ.

ರಜೆಗೆ ಮಗುವನ್ನು ಕಳಿಸುತ್ತೇನೆ, ಆದರೆ ಅದರ ಮುಂದೆ ಅಳಬಾರದು ಅಂತ ಅಪ್ಪ ನನ್ನ ಕೈಯಲ್ಲಿ ಹೇಳಿಸಿದ. ತಂಗಿಗೆ ಹೇಳಿದೆ.

"ಆತು" ಅಂದಳು. "ಬಿಡ್ತೆ. ನೀನೂ ಕವಳ ಬಿಡು ನೋಡುವಾ."

ಮರುವರ್ಷದ ಮೇ ರಜೆಯಲ್ಲಿ ಮಗು ಬಂತು. ಸ್ವಲ್ಪ ಎತ್ತರ ಆಗಿತ್ತು. ಭಟ್ಕಳದಲ್ಲಿ ಪಕ್ಕದ ಮನೆಯ ಮುಸ್ಲಿಂ ಹುಡುಗಿಯಿಂದ ಅವರ ನವಾಯತಿ ಮಾತು ಕಲಿತಿತ್ತು, ಅದರಲ್ಲಿ ನಮಗೆ ಬೈದರೂ ನಮಗೆ ಗೊತ್ತಾಗುವಂತಿರಲಿಲ್ಲ. ನಾವಿಬ್ಬರು ಮುದುಕಿಯರು ಅಂಗಳದಲ್ಲಿ ಕೂತು ಹಲ್ಲು ಕಚ್ಚಿಕೊಂಡು ನೀರುಳ್ಳಿ ಹೆಣೆದೆವು. ನನ್ನ ಬಾಯಿ ಒಣಗಿ ಸೌದೆ. ಅವಳ ಕಣ್ಣೂ ಹಾಗೆಯೇ ಇದ್ದಿರಬೇಕು. ನಾನು ಒಗರಿಗೆ ಪೇರಲ ಎಲೆ ಅಗಿಯುತ್ತಿದ್ದೆ. ಅವಳು ಬಾಯಿ ತುಂಬ ಗಾಳಿ ಎಳೆದು ಬಿಡುತ್ತಿದ್ದಳು. ಮೀನಿನವಳು ಬಂದಾಗ ತಂಗಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು, ಸುದ್ದಿ ಕಿವಿಗೆ ಬೀಳಬಾರದು ಅಂತ.

"ಎಂತ ಆತು ಅಕ್ಕಂಗೆ?" ಅಂತ ಮೀನಿನವಳು ಕೇಳಿದಳು.

"ಪಥ್ಯ" ಅಂದೆ.

ಅವಳು ಪ್ರಯತ್ನ ಮಾಡಲಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಾನು ಬದಿಗೆ ಕೂತು ನೋಡಿದ್ದೇನೆ. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದಳು. ಹಲಸಿನ ಹಣ್ಣಿನ ಕಡುಬು ಮಾಡಿದಳು. "ನಿನ್ನ ಅಮ್ಮ" ಅಂತ ಬಾಯಿಗೆ ಬಂದರೆ ನಾಲಿಗೆ ಕಚ್ಚಿ, "ನಿನ್ನ ಅಮ್ಮಮ್ಮ" ಅಂತ ತಿರುಗಿಸುತ್ತಿದ್ದಳು. ಒಂದು ವಾರ ಹೀಗೆ ಹೋಯಿತು. ಮಗುವಿಗೆ ಧೈರ್ಯ ಬಂತು. ದಣಪೆ ದಾಟುವಾಗ ಮುಖ ಒರೆಸಿಕೊಳ್ಳುತ್ತಿರಲಿಲ್ಲ.

ಆ ಧೈರ್ಯದಲ್ಲಿಯೇ ಒಂದು ಮಧ್ಯಾಹ್ನ ಅದು ನಕ್ಕಿತು. ನಾನು ಹೆಣೆದ ಜಡೆಯೊಂದನ್ನು ತನ್ನ ತಲೆಗೆ ಕಟ್ಟಿಕೊಂಡು, ಮದುವೆ ಹೆಣ್ಣಿನ ಹಾಗೆ ತಲೆ ತಗ್ಗಿಸಿ ಅಂಗಳದಲ್ಲಿ ನಡೆಯಿತು. ನೀರುಳ್ಳಿ ಬೆನ್ನಿಗೆ ಬಡಿದದ್ದಕ್ಕೆ ಅದಕ್ಕೇ ನಗು ತಡೆಯಲಿಲ್ಲ. ಹೊಟ್ಟೆ ಹಿಡಿದುಕೊಂಡು, ಉಸಿರು ಒಳಗೆ ಎಳೆಯುವಾಗ ಒಂದು ಶಬ್ದ ಬರುವ ಹಾಗೆ. ನನಗೂ ಗೊತ್ತಾಯಿತು ಅದು ಯಾರ ನಗು ಅಂತ. ಸತ್ತವಳು ಹಾಗೆಯೇ ನಗುತ್ತಿದ್ದಳು.

ತಂಗಿಯ ಕೈಯಿಂದ ನೀರುಳ್ಳಿ ಬಿತ್ತು. ಅವಳು ಎದ್ದು ಹೋಗಿ ಮಗುವನ್ನು ಹಿಡಿದುಕೊಂಡಳು. "ನನ್ನ ಬಿಟ್ಟು ಹೋದ್ಯೇ, ಮಗಳೇ, ಎಷ್ಟು ಕರೆದ್ರೂ ತಿರುಗಿ ನೋಡ್ದೇ ಹೋದ್ಯೇ..."

ಮಗು ತಲೆಯ ಮೇಲೆ ಜಡೆ ಇಟ್ಟುಕೊಂಡೇ ಕಂಬದ ಹಾಗೆ ನಿಂತಿತು. "ನಾ ಇಲ್ಲೇ ಇದ್ದೇನಲ್ಲ ಅಮ್ಮಮ್ಮ" ಅಂದಿತು. ಮತ್ತೆ ಹೇಳಿತು. ತಂಗಿಗೆ ಕೇಳಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದಳು, ಮುಖದಲ್ಲಿ ಹಸಿದವರಿಗೆ ಗಂಜಿ ಸಿಕ್ಕಿದ ಹಾಗಿನ ಒಂದು ಕಳೆ.

ನಾನು ಚೊಂಬು ತಂದು ಏಳಿಸಿದೆ. ಸಂಜೆ ಅಪ್ಪನಿಗೆ ಫೋನ್ ಹಚ್ಚಿ ಮಗುವಿನ ಕೈಗೆ ಕೊಟ್ಟೆ. ಅಜ್ಜಿ ಅತ್ತದ್ದನ್ನು ಅದು ಹೇಳಲಿಲ್ಲ, ಬೇಗ ಬಾ ಅಂತ ಮಾತ್ರ ಹೇಳಿತು. ಅದು ಹೋದ ಮೇಲೆ ನಾನು ಅಂಗಡಿಗೆ ಹೋಗಿ ಎಲೆ ತಂದೆ. ತಂಗಿ ನೋಡಿದಳು. "ನಿಂದೂ ಆತಾ?" ಅಂದಳು. ಇಬ್ಬರೂ ಒಬ್ಬರಿಗೊಬ್ಬರು ಬೈಯಲಿಲ್ಲ.

ಆಮೇಲೆ ಮಗು ಬಂದರೆ ನನ್ನ ಮನೆಗೆ ಬರುತ್ತಿತ್ತು. ತಂಗಿಯ ಮನೆಗೆ ಬೆಳಿಗ್ಗೆ ಹೋಗಿ ಸಂಜೆಯೊಳಗೆ ತಿರುಗಿ ಬರುತ್ತಿತ್ತು. ತಂಗಿ ಮುಪ್ಪಾದಳು. ಬಸ್ಸು ಹತ್ತಲು ಆಗದೆ ಹೋಯಿತು. ರಸ್ತೆ ಅಗಲ ಮಾಡುವಾಗ ನಮ್ಮ ಬಿದಿರಿನ ಗಳವೂ ಹೋಯಿತು. ಸತ್ತ ಮನೆಗಳಲ್ಲಿ ಹೇಳಿಕೊಂಡು ಅಳುವವರನ್ನು ಮೊದಲು ಸಹಿಸುತ್ತಿದ್ದರು, ಈಗ ಅದೂ ಇಲ್ಲ. ಕೊನೆಕೊನೆಗೆ ಅವಳು ಒಬ್ಬಳೇ ಕೂತು ಅಳುತ್ತಿದ್ದಳು. ಟಿವಿಯಲ್ಲಿ ಯಾರು ಸತ್ತರೂ ಆಗುತ್ತಿತ್ತು. ಸಾಯುವ ಹಿಂದಿನ ದಿನ ನಾನು ಹೋದಾಗ ನನ್ನ ಕೈ ಹಿಡಿದು ಹೇಳಿದಳು, "ಅಕ್ಕ, ಈಗ ಅತ್ತರೂ ಮೊಕ ಕಾಣೂದಿಲ್ಲ."

ಅವಳು ಹೋದ ದಿನ ಮಳೆ ಬಿಟ್ಟಿತ್ತು. ಅಂಗಳದಲ್ಲಿ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಅಳುವವರು ಇಲ್ಲದ ಸತ್ತ ಮನೆ ಎಷ್ಟು ಸದ್ದಿಲ್ಲದ್ದು ಅಂತ ನನಗೆ ಗೊತ್ತಿರಲಿಲ್ಲ. ಫ್ಯಾನಿನ ಸದ್ದು ಕೇಳುತ್ತಿತ್ತು. ಮೀನಿನವಳೂ ಬಂದಿದ್ದಳು, ಬುಟ್ಟಿ ರಸ್ತೆಯಲ್ಲೇ ಇಟ್ಟು. ಅವಳು ನನ್ನ ಕಿವಿಯಲ್ಲಿ, "ಇವ್ರಿಗೆ ಅಳೂಕೆ ಇವ್ರೇ ಬೇಕಾಗಿತ್ತು" ಅಂದಳು. ತಮಾಷೆಗೆ ಹೇಳಿದ್ದಲ್ಲ.

ಭಟ್ಕಳದಿಂದ ಅವರೆಲ್ಲ ಬಂದರು. ಮೊಮ್ಮಗಳು ಈಗ ದೊಡ್ಡ ಹುಡುಗಿ, ಹೈಸ್ಕೂಲು. ಬಂದವಳು ಅಜ್ಜಿಯ ಕಾಲು ಮುಟ್ಟಿ, ತಲೆಯ ಹತ್ತಿರ ಕೂತಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಮುಂಬೈಯಿಂದ ಊರಿಗೆ ಬಂದು ನೆಲೆಸಿದ್ದ ಆ ನಾದಿನಿ ಸರಿದು ಬಂದು ಅವಳ ತೊಡೆ ತಟ್ಟಿದಳು, "ಅಳು ಮಗಾ, ಹೇಳಿ ಅಳು. ಸಾಕಿದವಳಲ್ವಾ? ಸಣ್ಣಿರೂವಾಗ ಎಷ್ಟು ಚಂದ ಅಳ್ತಿದ್ದೆ ನೀನು."

ಹುಡುಗಿ ತಲೆ ಎತ್ತಿ ಅವಳನ್ನು ನೋಡಿದಳು.

"ನಂಗೆ ಅದು ಬರೂದಿಲ್ಲ ಅಜ್ಜಿ" ಅಂದಳು.

ಹೆಂಗಸರು ಮುಖ ಮುಖ ನೋಡಿಕೊಂಡರು. ಅವಳಿಗೆ ಅದು ಪ್ರತಿ ಅಕ್ಷರ ಬರುತ್ತದೆ ಅಂತ ಆ ಮನೆಯಲ್ಲಿ ನನ್ನಷ್ಟು ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ಅವಳು ಹಾಗೆ ಹೇಳಲಿ ಅಂತಲೇ ಅಲ್ಲವಾ ನಾನು ಇಷ್ಟೆಲ್ಲ ಮಾಡಿದ್ದು. ಆದರೂ ಹೆಣದ ಮುಖ ನೋಡುವಾಗ, ಊರಿಗೆಲ್ಲ ಅತ್ತವಳಿಗೆ ಒಂದು ಸಾಲು ಇಲ್ಲದೆ ಹೋಯಿತಲ್ಲ ಅನ್ನಿಸಿತು. ನಾನೇ ಅಳೋಣ ಅಂದರೆ ನನಗೆ ಆ ರಾಗ ಬರುವುದಿಲ್ಲ. ಜನ್ಮವಿಡೀ ಏಳಿಸಿದವಳು ನಾನು.

ಹೆಣ ಎತ್ತಿ ಗಂಡಸರು ಹೋದರು. ಮನೆ ತೊಳೆದರು. ಹೆಂಗಸರು ಒಬ್ಬೊಬ್ಬರೇ ಬಾವಿಕಟ್ಟೆಯಲ್ಲಿ ಮಿಂದು ಹೋದರು. ನಾನು ಅಭ್ಯಾಸದಿಂದ ಚೊಂಬಿಗೆ ನೀರು ತುಂಬಿಕೊಂಡಿದ್ದೆ, ಅದನ್ನು ಯಾರಿಗೆ ಕೊಡುವುದು ಅಂತ ಗೊತ್ತಾಗದೆ ಕೈಯಲ್ಲೇ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದೆ.

ಬಾವಿಯ ಹತ್ತಿರ ಹುಡುಗಿ ಒಬ್ಬಳೇ ಇದ್ದಳು. ಮಿಂದ ಬಟ್ಟೆ ಹಿಂಡುತ್ತಿದ್ದಳು. ನನ್ನ ಕಡೆ ಬೆನ್ನು. ಹಿಂಡುತ್ತ ಹಿಂಡುತ್ತ ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು. ಕಿವಿಗೊಟ್ಟು ಕೇಳಿದೆ. ಅದೇ ರಾಗ. ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ. ಆದರೆ ಮಾತು ಅಜ್ಜಿಯದ್ದಲ್ಲ, ಅವಳದ್ದೇ. ನಂಗೆ ಹಲಸಿನ ಕಡುಬು ಮಾಡಿದ್ದೆ ನೀ ಅಮ್ಮಮ್ಮ. ನನ್ನ ತಲೆಗೆ ಎಣ್ಣೆ ಹಚ್ಚಿದ್ದೆ ನೀ ಅಮ್ಮಮ್ಮ. ನಾ ನಗೂದನ್ನ ನೋಡೂಕೆ ಆಗ್ಲಿಲ್ವೇ ನಿಂಗೆ. ಬಟ್ಟೆ ಕೈಯಲ್ಲಿ ಹಾಗೇ ನಿಂತಿತು. ಭುಜ ಅಲ್ಲಾಡುತ್ತಿತ್ತು.

ಚೊಂಬು ಹಿಡಿದು ಮೆಟ್ಟಿಲು ಇಳಿದೆ, ಹೋಗಿ ರಟ್ಟೆ ಹಿಡಿಯಬೇಕು ಅಂತ. ಮೊಣಕಾಲು ನೋವು, ಬೇಗ ನಡೆಯಲು ಆಗುವುದಿಲ್ಲ. ನಾನು ಅರ್ಧ ದಾರಿಗೆ ಬರುವಷ್ಟರಲ್ಲಿ ಅವಳು ನಿಲ್ಲಿಸಿದಳು. ಯಾರೂ ಸಾಕು ಅನ್ನಲಿಲ್ಲ. ಕೊಡಪಾನಕ್ಕೆ ಕೈ ಹಾಕಿ ಮುಖಕ್ಕೆ ನೀರು ಎರಚಿಕೊಂಡಳು, ಮೂಗು ಸೀಟಿದಳು, ಬಟ್ಟೆಯನ್ನು ಒಮ್ಮೆ ಕೊಡವಿ ಹಗ್ಗದ ಮೇಲೆ ಹರವಿದಳು. ತಿರುಗಿದಾಗ ಅವಳಿಗೆ ನಾನು ಕಂಡೆ.

"ಎಂತ ದೊಡ್ಡಜ್ಜಿ, ಯಾರಿಗೆ ನೀರು?" ಅಂದಳು.

"ನಂಗೇ" ಅಂದೆ. ಅಲ್ಲೇ ನಿಂತು ಕುಡಿದೆ.